ಮಕ್ಕಳ ಕೈಗೆ ಚಾವಿ ಕೊಡುವ ಮುನ್ನ

ಕಳೆದ ವರ್ಷ ಕಳಂಬೋಲಿಯ ಒಂದು ಹಾಲಿನಲ್ಲಿ ನಮ್ಮವರೊಬ್ಬರ ಮಗನ ವರ್ಧಂತಿಗೆ ಹೋಗಿದ್ದೆವು. ಹುಡುಗನಿಗೆ ೧೬ ತುಂಬಿತ್ತು. ಬೆಳಿಗ್ಗೆ ಮನೆಯಲ್ಲಿ ಗಣಹೋಮ, ಸಂಜೆ ಹಾಲಿನಲ್ಲಿ ಕೇಕು. ಎರಡೂ ಇರಲಿ, ನಮಗೆ ಯಾವುದರ ಮೇಲೂ ದ್ವೇಷವಿಲ್ಲ. ಆದರೆ ಕೇಕಿನ ಪಕ್ಕದಲ್ಲಿ ಕೆಂಪು ರಿಬ್ಬನ್ನು ಸುತ್ತಿದ ಪುಟ್ಟ ಡಬ್ಬಿಯೊಂದಿತ್ತು. ಹುಡುಗ ಅದನ್ನು ಬಿಚ್ಚಿದ. ಒಳಗೆ ಸ್ಕೂಟರಿನ ಚಾವಿ! ಹಾಲಿನ ತುಂಬ ಕರತಾಡನ. ಹೊರಗೆ ಹೊಸ ಸ್ಕೂಟರಿಗೆ ಚೆಂಡುಹೂವಿನ ಹಾರ, ಚಕ್ರದಡಿಯಲ್ಲಿ ನಿಂಬೆಹಣ್ಣು. ಹುಡುಗ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು, ಸೆಕ್ಟರಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲ. ವರ್ಧಂತಿಯ ಕಾಗದದ ಟೊಪ್ಪಿ ಇತ್ತು. ತಂದೆಯವರು ಹೆಮ್ಮೆಯಿಂದ, “ಇವನು ಹದಿಮೂರರಿಂದಲೇ ಓಡಿಸುತ್ತಾನೆ, ಮಾರಾಯ್ರೆ” ಎಂದರು.

ನಾವೂ ಚಪ್ಪಾಳೆ ತಟ್ಟಿದೆವು. ಈ ಲೇಖನಕ್ಕೆ ಆ ಚಪ್ಪಾಳೆಯೇ ಕಾರಣ. ಏಕೆಂದರೆ ಅಂದು ಅಲ್ಲಿ ನೆರೆದಿದ್ದವರಲ್ಲಿ ಚಪ್ಪಾಳೆ ತಟ್ಟುವ ಹಕ್ಕು ಎಳ್ಳಷ್ಟೂ ಇಲ್ಲದವರು ನಾವು ಗಂಡಹೆಂಡಿರೇ ಆಗಿದ್ದೆವು.

ಅದಕ್ಕೆ ಎರಡು ವರ್ಷ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಸಾರಿಗೆ ಕೊತ್ತಂಬರಿ ಸೊಪ್ಪು ಇಲ್ಲವೆಂದು ನಮ್ಮ ೧೫ ವರ್ಷದ ಮಗನನ್ನು ನಾವೇ ಸ್ಕೂಟರಿನಲ್ಲಿ ಅಟ್ಟಿದೆವು. ಕದ್ದು ಒಯ್ದವನಲ್ಲ ಅವನು. ಚಾವಿಯನ್ನು ಗೂಟದಿಂದ ತೆಗೆದು ಕೈಗೆ ಕೊಟ್ಟವರು ನಾವು. ಮೂಲೆಯ ತಿರುವಿನಲ್ಲಿ ಅವನು ಹಿಂದುಮುಂದು ನೋಡದೆ ತಿರುಗಿಸಿದ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟಿದ್ದ ಹಮಾಲರೊಬ್ಬರು ಕೆಳಗೆ ಬಿದ್ದರು. ನಾವು ಓಡಿಹೋಗಿ ನೋಡಿದಾಗ ಅವರ ಕಾಲಿನ ಎಲುಬು ಮುರಿದಿತ್ತು. ನೋವಿನಲ್ಲಿ ಅವರ ಬಾಯಿಂದ ಬಂದದ್ದು “ಯವ್ವಾ” ಎಂಬ ಮಾತು. ಕಲಬುರ್ಗಿ ಕಡೆಯವರು. ನಾವೂ ಕನ್ನಡದವರೆಂದು ತಿಳಿದಾಗ ಅವರೇ ನಮ್ಮನ್ನು ಸಂತೈಸಿದರು: “ಹುಡುಗ ಸಣ್ಣಂವ ಅದಾನ್ರಿ, ಠಾಣೆ ಗೀಣೆ ಬ್ಯಾಡ. ನನ್ನ ಪಗಾರ ಹೋಗ್ತದಲ್ಲ, ಅದೊಂದು ನೋಡ್ರಿ.”

ನೋಡಿದೆವು. ಆಸ್ಪತ್ರೆಯ ಖರ್ಚು ಕೊಟ್ಟೆವು, ಮೂರು ತಿಂಗಳ ಕೂಲಿ ಕೊಟ್ಟೆವು, ದೊಡ್ಡ ಮನಸ್ಸು ಮಾಡಿದೆವೆಂದು ನಮ್ಮಷ್ಟಕ್ಕೆ ನಾವು ಭಾವಿಸಿಕೊಂಡೆವು. ಆಮೇಲೆ ಅವರು ಮೊದಲಿನಂತೆ ಭಾರ ಎತ್ತಲಾರದೆ ಊರಿಗೆ ಮರಳಿದರೆಂದು ತಿಳಿಯಿತು. ಈ ಸಂಗತಿಯನ್ನು ನಾವು ಇದುವರೆಗೆ ಯಾರೊಡನೆಯೂ ಹೇಳಿಲ್ಲ. ಮುಚ್ಚಿಟ್ಟವರು ನಾವು, ಮುಚ್ಚಿಟ್ಟದ್ದರಿಂದಲೇ ಆ ವರ್ಧಂತಿಯ ಸಂಜೆ ಬಾಯಿ ತೆರೆಯಲಾರದೆ ಚಪ್ಪಾಳೆ ತಟ್ಟಿದೆವು. ನಮ್ಮಂತೆ ಮುಚ್ಚಿಟ್ಟ ಮನೆಗಳು ಇನ್ನೆಷ್ಟಿವೆಯೋ ದೇವರೇ ಬಲ್ಲ. ಇನ್ನು ಮುಚ್ಚಿಡುವುದು ಬೇಡ.

ಮೊದಲಿಗೆ ಕಾನೂನಿನ ಮಾತು. “ಹದಿನಾರಕ್ಕೆ ಸ್ಕೂಟರು ಓಡಿಸಬಹುದಲ್ಲ” ಎಂದು ನಮ್ಮಲ್ಲಿ ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಇದು ಅರ್ಧ ಸತ್ಯ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಅಪಾಯಕಾರಿ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ೧೮ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಕೂಡದು. ೧೬ ತುಂಬಿದವರಿಗೆ ಒಂದು ವಿನಾಯಿತಿಯುಂಟು: ಎಂಜಿನ್ನು ೫೦ ಸಿ.ಸಿ. ಮೀರದ ದ್ವಿಚಕ್ರಿಗೆ ಮಾತ್ರ, ಅದಕ್ಕೂ ಲೈಸನ್ಸು ಬೇಕು, ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ೧೯೭೨ರಲ್ಲಿ ಪೇಟೆಗೆ ಬಂದ ಲೂನಾದ ಎಂಜಿನ್ನು ೫೦ ಸಿ.ಸಿ.ಯದು, ಅಂಥ ಗಾಡಿಗಳಿಗೆ ಆ ವಿನಾಯಿತಿ ಸಲ್ಲುತ್ತಿತ್ತು. ಇಂದು ವರ್ಧಂತಿಗೆ ಹಾರ ಹಾಕಿ ನಿಲ್ಲಿಸುವ ಸ್ಕೂಟರುಗಳು ೧೧೦, ೧೨೫ ಸಿ.ಸಿ.ಯವು. ಹದಿನಾರರ ಹುಡುಗನಿಗೆ ಅವುಗಳ ಲೈಸನ್ಸು ಯಾವ ಆರ್.ಟಿ.ಓ. ಕಚೇರಿಯೂ ಕೊಡಲಾರದು. ಹಾಗಿದ್ದರೆ ಬ್ಯಾಟರಿಯ ಸ್ಕೂಟರು? ಗಂಟೆಗೆ ೨೫ ಕಿಲೋಮೀಟರ್ ಮೀರದ, ೨೫೦ ವಾಟ್ ಮೀರದ ಗಾಡಿಗೆ ಲೈಸನ್ಸು ಬೇಡವೆಂಬುದು ನಿಜ. ಗ್ಯಾರೇಜಿನಲ್ಲಿ ಕೊಟ್ಟು ಅದರ ವೇಗ ಏರಿಸಿಕೊಂಡ ಕ್ಷಣದಿಂದ ಅದೂ ಮೋಟಾರು ವಾಹನವೇ. ಆಟಿಕೆಯ ಹೆಸರಿಟ್ಟ ಮಾತ್ರಕ್ಕೆ ಅದು ಆಟಿಕೆಯಾಗದು.

ತಪ್ಪಿದರೆ ಏನು ಶಿಕ್ಷೆ? ೨೦೧೯ರ ತಿದ್ದುಪಡಿಯಲ್ಲಿ ೧೯೯-ಎ ಎಂಬ ಕಲಮನ್ನು ಸೇರಿಸಿದ್ದಾರೆ. ಅಪ್ರಾಪ್ತ ವಯಸ್ಸಿನವನು ಗಾಡಿ ನಡೆಸಿ ಅಪರಾಧವೆಸಗಿದರೆ ಅವನ ಪಾಲಕರೋ ವಾಹನದ ಮಾಲಿಕರೋ ಅಪರಾಧಿಗಳೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ೨೫ ವರ್ಷ ತುಂಬುವ ತನಕ ಕಲಿಕೆಯ ಲೈಸನ್ಸು ಕೂಡ ಸಿಗದು. ಪಾಲಕರ ಸಮ್ಮತಿಯಿಂದಲೇ ಗಾಡಿ ಹೊರಬಿದ್ದಿತೆಂದು ನ್ಯಾಯಾಲಯ ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ಸಾಧಿಸುವ ಹೊರೆ ನಮ್ಮ ಮೇಲೆ. ಇನ್ನು ವಿಮೆಯ ಕತೆ. ಪೆಟ್ಟುತಿಂದ ಮೂರನೆಯವರಿಗೆ ವಿಮಾ ಕಂಪೆನಿ ಹಣ ಕೊಟ್ಟರೂ, ಲೈಸನ್ಸಿಲ್ಲದವನ ಕೈಗೆ ತಿಳಿದೂ ತಿಳಿದೂ ಗಾಡಿ ಕೊಟ್ಟ ಮಾಲಿಕನಿಂದ ಅದನ್ನು ವಸೂಲು ಮಾಡಬಹುದು. ಮೂವತ್ತು ವರ್ಷ ದುಡಿದು ಕೊಂಡ ಮನೆ ಅಂಥ ಒಂದೇ ತೀರ್ಪಿಗೆ ಸಾಲದೆ ಹೋದೀತು.

ಆದರೆ ಕಾನೂನಿಗೆ ಹೆದರಿ ಯಾರೂ ಬದಲಾದದ್ದನ್ನು ನಾವು ಕಂಡಿಲ್ಲ. ಆದ್ದರಿಂದ ನಮ್ಮವರು ಹೇಳುವ ಸಮಾಧಾನಗಳನ್ನೇ ಒಂದೊಂದಾಗಿ ನೋಡೋಣ.

“ಇಲ್ಲೇ ಪಕ್ಕದ ಗಲ್ಲಿಗೆ ತಾನೇ?” ಕಳಂಬೋಲಿಯಲ್ಲಿ ಕುಳಿತು ಈ ಮಾತಾಡುವುದಕ್ಕೆ ಎದೆಗಾರಿಕೆ ಬೇಕು. ೧೯೭೦ರಲ್ಲಿ ಸ್ಥಾಪನೆಯಾದ ಸಿಡ್ಕೋ ಕಟ್ಟಿದ ಈ ಊರಿನ ಪಕ್ಕಕ್ಕೇ ಮುಂಬಯಿಯ ಕಬ್ಬಿಣ ಪೇಟೆಯನ್ನು ತಂದು ಕೂರಿಸಿದರು. ಉಕ್ಕಿನ ಸುರುಳಿ, ಸಲಾಕೆ, ತಗಡು ಹೇರಿದ ಟ್ರೇಲರುಗಳು ಹಗಲೂ ಇರುಳೂ ಬಂದುಹೋಗುವ ಜಾಗವಿದು. ಊರಿನ ಹೆಬ್ಬಾಗಿಲಿನಂತಿರುವ ಸರ್ಕಲ್ಲಿನಲ್ಲಿ ಸಾಯನ್–ಪನ್ವೇಲ್ ಹೆದ್ದಾರಿ, ಪುಣೆಯ ಎಕ್ಸ್‌ಪ್ರೆಸ್ ದಾರಿ, ನ್ಹಾವಾ ಶೇವಾ ಬಂದರಿನ ದಾರಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ನಮ್ಮೂರುಗಳಿಗೆ ಹೋಗುವ ದಾರಿಗಳೂ ಇವೇ: ಒಂದು ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗೆ, ಇನ್ನೊಂದು ಪನ್ವೇಲಿನಿಂದ ಕವಲೊಡೆದು ಕಾರವಾರ, ಉಡುಪಿ, ಮಂಗಳೂರಿಗೆ. ಟ್ರೇಲರಿನ ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಎಡಮಗ್ಗುಲಿಗೆ ಅಂಟಿಕೊಂಡು ಬಂದ ಸ್ಕೂಟರು ಕಾಣಿಸುವುದೇ ಇಲ್ಲ. ಅವನು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗದು. ಒಳಮಗ್ಗುಲಿಗೆ ಒತ್ತಿಕೊಂಡು ಬರುತ್ತದೆ. ಈ ಒಂದು ಸಂಗತಿಯನ್ನು ತಮ್ಮ ಮಗನಿಗೆ ವಿವರಿಸಿ ಹೇಳಿದ ತಂದೆ ನಮ್ಮಲ್ಲಿ ಎಷ್ಟು ಮಂದಿ? ಚಾವಿ ಕೊಟ್ಟವರನ್ನು ಮಾತ್ರ ಬೇಕಾದಷ್ಟು ಬಲ್ಲೆವು.

“ನಮ್ಮ ಹುಡುಗ ಚೆನ್ನಾಗಿ ಓಡಿಸುತ್ತಾನೆ.” ಓಡಿಸುತ್ತಾನೆ, ಒಪ್ಪಿದೆವು. ನಿಲ್ಲಿಸಲು ಬಲ್ಲನೇ? ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು ೧೭ ಮೀಟರ್ ಮುಂದಕ್ಕೆ ಹೋಗುತ್ತದೆ. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಇದು ಹುಡುಗರು ಒಂಬತ್ತನೆಯ ತರಗತಿಯಲ್ಲಿ ಲೆಕ್ಕ ಮಾಡಿ ಅಂಕ ಪಡೆದ ಪಾಠವೇ. ರಸ್ತೆಯಲ್ಲಿ ಮಾತ್ರ ಜ್ಞಾಪಕಕ್ಕೆ ಬರುವುದಿಲ್ಲ. ಹಿಂದೆ ಗೆಳೆಯರಿಬ್ಬರು ಕುಳಿತು “ಇನ್ನೂ ಜೋರು” ಎಂದು ಹುರಿದುಂಬಿಸುವಾಗ ಅವನ ಕಿವಿಗೆ ಭೌತಶಾಸ್ತ್ರ ಕೇಳಿಸೀತೆ? ಕೇಂದ್ರ ಸರಕಾರದ ವರದಿಯಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಹೆಲ್ಮೆಟ್ಟು ಧರಿಸದೆ ಸತ್ತವರು ೫೦,೦೨೯. ಇವರೆಲ್ಲರ ಮನೆಗಳಲ್ಲೂ “ನಮ್ಮವನು ಚೆನ್ನಾಗಿ ಓಡಿಸುತ್ತಾನೆ” ಎಂದು ಹೇಳುವವರು ಇದ್ದೇ ಇದ್ದರು.

“ಅಮೆರಿಕದಲ್ಲಿ ಹದಿನಾರಕ್ಕೇ ಕಾರು ಓಡಿಸುತ್ತಾರೆ.” ಭಾವನ ಮಗ ನ್ಯೂಜೆರ್ಸಿಯಲ್ಲಿದ್ದಾನೆಂಬ ಪುರಾವೆಯೂ ಜೊತೆಗಿರುತ್ತದೆ. ಒಳ್ಳೆಯದು, ನ್ಯೂಜೆರ್ಸಿಯ ಮಾತನ್ನೇ ಆಡೋಣ. ಅಲ್ಲಿ ಹದಿನಾರರಲ್ಲಿ ಸಿಗುವುದು ಕಲಿಕೆಯ ಪರವಾನಗಿ ಮಾತ್ರ; ಪಕ್ಕದಲ್ಲಿ ಲೈಸನ್ಸುಳ್ಳ ಹಿರಿಯರು ಕುಳಿತಿರಲೇಬೇಕು. ಒಬ್ಬನೇ ಓಡಿಸುವುದು ಹದಿನೇಳರ ಮೇಲೆ, ಅದೂ ಕಟ್ಟುಪಾಡಿನೊಂದಿಗೆ: ರಾತ್ರಿ ಹನ್ನೊಂದರ ಬಳಿಕ ಹೊರಗೆ ಬೀಳಕೂಡದು, ಗೆಳೆಯರ ಹಿಂಡನ್ನು ತುಂಬಿಕೊಳ್ಳಕೂಡದು. ೨೦೧೦ರಿಂದ ಅಂಥ ಎಳೆಯರ ಕಾರಿನ ನಂಬರ್ ಪ್ಲೇಟಿಗೆ ಕೆಂಪು ಗುರುತನ್ನೂ ಅಂಟಿಸಬೇಕು. ಈ ಹಂತಹಂತದ ಲೈಸನ್ಸಿನ ಪದ್ಧತಿಯನ್ನು ನ್ಯೂಜಿಲೆಂಡ್ ೧೯೮೭ರಲ್ಲೇ ಜಾರಿಗೆ ತಂದಿತ್ತು. ಅಮೆರಿಕದಿಂದ ವಯಸ್ಸನ್ನು ಮಾತ್ರ ಆಮದು ಮಾಡಿಕೊಂಡು ಕಟ್ಟುಪಾಡನ್ನು ಅಲ್ಲೇ ಬಿಟ್ಟು ಬರುವುದು ಯಾವ ನ್ಯಾಯ?

“ಪೊಲೀಸರು ಹಿಡಿದರೆ ಏನಾದರೂ ಕೊಟ್ಟು ಮುಗಿಸಿದರಾಯಿತು.” ಇದಕ್ಕೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ೨೦೨೪ರ ಮೇ ೧೯ರಂದು ಪುಣೆಯ ಕಲ್ಯಾಣಿನಗರದಲ್ಲಿ ೧೭ ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಡಿಕ್ಕಿ ಹೊಡೆದು ಇಬ್ಬರು ತರುಣ ಎಂಜಿನಿಯರರು ಪ್ರಾಣ ಬಿಟ್ಟರು. ಅಪಘಾತದ ಮೇಲೆ ೩೦೦ ಪದದ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಹುಡುಗನಿಗೆ ಜಾಮೀನು ದೊರೆತಾಗ ದೇಶಕ್ಕೆ ದೇಶವೇ ಕೆರಳಿತು. ನಾವೂ ಕೆರಳಿದೆವು, ಸೊಸಾಯಿಟಿಯ ಕಟ್ಟೆಯ ಮೇಲೆ ಕುಳಿತು ಶ್ರೀಮಂತರನ್ನು ಬಾಯ್ತುಂಬ ಬೈದೆವು. ಆ ಹುಡುಗನ ತಂದೆ, ಅಜ್ಜ ಇಬ್ಬರೂ ಬಂಧನಕ್ಕೊಳಗಾದರು. ಆದರೆ ಒಂದು ಪ್ರಶ್ನೆಯನ್ನು ಅಂದು ಯಾರೂ ಕೇಳಿಕೊಳ್ಳಲಿಲ್ಲ: ಪೋರ್ಷೆಯ ಚಾವಿ ಕೊಟ್ಟವರಿಗೂ ಕೊತ್ತಂಬರಿ ತರಲು ಸ್ಕೂಟರಿನ ಚಾವಿ ಕೊಟ್ಟವರಿಗೂ ವ್ಯತ್ಯಾಸವೇನು? ಗಾಡಿಯ ಬೆಲೆ ಬೇರೆ, ಅಷ್ಟೇ. ನಮ್ಮ ಮಗನ ಕೈಯಲ್ಲಿ ಹಮಾಲರ ಕಾಲು ಮುರಿಯಿತು, ಜೀವ ಹೋಗಲಿಲ್ಲ. ಅದು ನಮ್ಮ ಪುಣ್ಯವೇ ಹೊರತು ನಮ್ಮ ಯೋಗ್ಯತೆಯಲ್ಲ.

ಇನ್ನೊಂದು ಸಮಾಧಾನವಿದೆ, ಅದನ್ನು ಮಾತ್ರ ನಾವು ತಳ್ಳಿಹಾಕಲಾರೆವು. “ಟ್ಯೂಷನ್ನಿಗೆ ಹೋಗುವುದು ಹೇಗೆ?” ಹಾರ್ಬರ್ ಲೈನಿನ ಸ್ಟೇಷನ್ನು ಕಳಂಬೋಲಿಯ ಒಳಗಿಲ್ಲ, ಮಾನಸರೋವರಕ್ಕೋ ಖಾಂದೇಶ್ವರಕ್ಕೋ ಪನ್ವೇಲಿಗೋ ಹೋಗಬೇಕು. ಬಸ್ಸಿಗೆ ಕಾದು ಸಾಕಾಗುತ್ತದೆ. ರಿಕ್ಷಾದ ಖರ್ಚು ದಿನಾ ಭರಿಸುವಂಥದ್ದಲ್ಲ. ತಂದೆ ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿಯೇ ಮನೆ. ತಾಯಿಯೂ ಕೆಲಸಕ್ಕೆ ಹೋಗುವವಳು. ಈ ಕಷ್ಟ ನಿಜವಾದದ್ದು. ಆದರೆ ಅದಕ್ಕೆ ಪರಿಹಾರ ಹುಡುಗನ ಕೈಗೆ ಚಾವಿ ಕೊಡುವುದೋ, ಅಥವಾ ನಾಲ್ಕು ಮನೆಯವರು ಸೇರಿ ಒಂದು ರಿಕ್ಷಾ ಗೊತ್ತು ಮಾಡುವುದೋ? ೨೦೧೬ರಲ್ಲಿ ಪನ್ವೇಲ್ ಮಹಾನಗರಪಾಲಿಕೆ ಆಯಿತು, ಕಳಂಬೋಲಿ ಅದರಲ್ಲಿ ಸೇರಿತು. ಸಂಜೆ ಟ್ಯೂಷನ್ನಿನ ಹೊತ್ತಿಗೆ ಬಸ್ಸು ಬೇಕೆಂದು ಒಂದು ಮನವಿಯನ್ನು ನಮ್ಮ ಕನ್ನಡಿಗರು ಒಟ್ಟಾಗಿ ಎಂದಾದರೂ ಕೊಟ್ಟಿದ್ದೇವೆಯೇ? ಯಕ್ಷಗಾನಕ್ಕೆ, ಅರಸಿನ ಕುಂಕುಮಕ್ಕೆ, ರಾಜ್ಯೋತ್ಸವಕ್ಕೆ ನೂರಾರು ಜನ ಸೇರುವ ನಾವು ಒಂದು ಬಸ್ಸಿಗಾಗಿ ಹತ್ತು ಸಹಿ ಕೂಡಿಸಲಾರೆವೆ? ಸೈಕಲ್ಲು ಎಂಬ ವಾಹನವೊಂದು ಇನ್ನೂ ಇದೆಯೆಂಬುದನ್ನೂ ನೆನಪಿಸುತ್ತೇವೆ.

ವಾಸ್ತವವಾಗಿ ಈ ಚಾವಿಯ ಹಿಂದೆ ಇರುವುದು ಟ್ಯೂಷನ್ನಲ್ಲ. ನಮ್ಮ ಹಳೆಯ ಗಾಯ. ನಮ್ಮಲ್ಲಿ ಅನೇಕರ ತಂದೆಯಂದಿರು ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬಂದವರು. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಓದಿದವರು. ಅವರ ಹದಿನಾರನೆಯ ವರ್ಧಂತಿ ಯಾವತ್ತು ಬಂತು, ಯಾವತ್ತು ಹೋಯಿತು, ಅವರಿಗೇ ಗೊತ್ತಿರಲಿಲ್ಲ. ನಾವು ಚಾಳಿನ ಖೋಲಿಯಲ್ಲಿ ಬೆಳೆದೆವು. ನಮ್ಮ ವರ್ಧಂತಿಗೆ ಪಾಯಸವಾದರೆ ಹೆಚ್ಚು. “ನಮಗೆ ಸಿಗದದ್ದು ಮಕ್ಕಳಿಗೆ ಸಿಗಲಿ” ಎಂಬ ಆಸೆ ತಪ್ಪಲ್ಲ. ಆದರೆ ಅಂಥ ತಂದೆಯಂದಿರು ನಮಗೆ ಬಿಟ್ಟುಹೋದ ಆಸ್ತಿ ಯಾವುದು? ಕಲಿಯದೆ ಮೇಲಕ್ಕೇರಬಾರದೆಂಬ ಪಾಠ. ಲೋಟ ತೊಳೆದವನು ಬಡಿಸುವವನಾಗಿ, ಬಡಿಸಿದವನು ಗಲ್ಲದಲ್ಲಿ ಕೂರಲು ಹತ್ತು ವರ್ಷ ಹಿಡಿಯುತ್ತಿತ್ತು.

ಅಷ್ಟು ದೂರ ಏಕೆ? ಕಳಂಬೋಲಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ಬಳಿಗೇ ಹೋಗಿ ನೋಡಿ. ವಿಜಯಪುರದ ಕಡೆಯಿಂದಲೋ ಕಲಬುರ್ಗಿ ಕಡೆಯಿಂದಲೋ ಬಂದ ಹುಡುಗ ಮೊದಲು ಕ್ಲೀನರ್ ಆಗುತ್ತಾನೆ. ಗಾಜು ಒರೆಸುತ್ತಾನೆ, ಟಯರು ಬಡಿದು ನೋಡುತ್ತಾನೆ, ಜ್ಯಾಕು ಕೊಡುತ್ತಾನೆ, ಹಗ್ಗ ಬಿಗಿಯುತ್ತಾನೆ, ಲಾರಿ ಹಿಂದಕ್ಕೆ ಬರುವಾಗ ಕೆಳಗಿಳಿದು “ಬರಲಿ, ಬರಲಿ” ಎಂದು ಕೈ ತಟ್ಟುತ್ತಾನೆ. ಹೀಗೆ ವರ್ಷಗಟ್ಟಲೆ ರಸ್ತೆಯನ್ನು ಎಡಗಡೆಯ ಸೀಟಿನಿಂದ ನೋಡಿದ ಮೇಲೆಯೇ ಉಸ್ತಾದನು ಅವನ ಕೈಗೆ ಸ್ಟೇರಿಂಗು ಕೊಡುವುದು. ಸರಕು ವಾಹನ ನಡೆಸಲು ಕಾನೂನೂ ೨೦ ವರ್ಷ ತುಂಬಬೇಕೆನ್ನುತ್ತದೆ. ಅಕ್ಷರ ಬಾರದ ಉಸ್ತಾದನಿಗೆ ಇರುವ ಈ ವಿವೇಕ, ಡಿಗ್ರಿ ಪಡೆದ ನಮಗೆ ಏಕಿಲ್ಲ?

ನಾವು ಮಕ್ಕಳಿಗೆ ವಾಹನ ಕಲಿಸಲೇಬೇಡಿ ಎನ್ನುವವರಲ್ಲ. ಭಯದಿಂದ ಮುಚ್ಚಿಟ್ಟು ಬೆಳೆಸಿದರೆ ಇಪ್ಪತ್ತರಲ್ಲಿ ಕದ್ದು ಕಲಿಯುತ್ತಾರೆ. ಅದು ಇನ್ನೂ ಕೇಡು. ಹದಿನೆಂಟು ತುಂಬಲಿ, ಕ್ರಮವಾಗಿ ಕಲಿಯಲಿ. ಕಲಿಕೆಯ ಲೈಸನ್ಸು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ಅವಧಿಯಲ್ಲಿ ಬಿಳಿಯ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಹಾಕಿ, ಲೈಸನ್ಸುಳ್ಳವರು ಪಕ್ಕದಲ್ಲಿ ಕುಳಿತು ಕಲಿಸಬೇಕು. ಇಲ್ಲೂ ನಮ್ಮವರ ಜಾಣತನ ಕಡಿಮೆಯಿಲ್ಲ. ಕಲಿಕೆಯ ಲೈಸನ್ಸಿನ ಪ್ರಶ್ನೆಪತ್ರಿಕೆಯನ್ನು ಈಗ ಮನೆಯ ಕಂಪ್ಯೂಟರಿನಲ್ಲೇ ಬಿಡಿಸಬಹುದು. ಹುಡುಗ ಕುರ್ಚಿಯಲ್ಲಿ ಕೂರುತ್ತಾನೆ, ಹಿಂದೆ ನಿಂತ ಅಪ್ಪ ಉತ್ತರ ಹೇಳುತ್ತಾನೆ! ಮುಂದಿನದನ್ನು ಏಜಂಟ್ ನೋಡಿಕೊಳ್ಳುತ್ತಾನೆ. ಮಗನಿಗೆ ನಾವು ಕಲಿಸಿದ ಮೊದಲ ಪಾಠವೇ ಕಾಪಿ ಹೊಡೆಯುವುದಾದರೆ, ಕೆಂಪು ದೀಪಕ್ಕೆ ಅವನು ನಿಲ್ಲಬೇಕೆಂದು ಯಾವ ಬಾಯಲ್ಲಿ ಹೇಳುವುದು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತೇವೆ. ಗಿಡವನ್ನು ಸೊಟ್ಟಗೆ ಬಗ್ಗಿಸುತ್ತಿರುವವರು ನಾವೇ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲೇ ಆಡಿಬಿಡುತ್ತೇವೆ. ಹದಿನಾರರ ಮಗನಿಗೆ ಕಾನೂನು ಮುರಿದು ಸ್ಕೂಟರು ಕೊಡಿಸುವ ಮನೆಗಳಲ್ಲೇ, ಹದಿನೆಂಟು ದಾಟಿದ ಮಗಳು ಕಾನೂನಿನಂತೆ ಕಲಿಯುತ್ತೇನೆಂದರೆ “ನಿನಗ್ಯಾಕೆ, ಅಣ್ಣ ಬಿಡ್ತಾನೆ” ಎಂಬ ಉತ್ತರ ಬರುತ್ತದೆ. ಇದು ಮುದ್ದೂ ಅಲ್ಲ, ರಕ್ಷಣೆಯೂ ಅಲ್ಲ, ಪಕ್ಷಪಾತ.

ಆದ್ದರಿಂದ ಈ ಪುಟಗಳ ಮೂಲಕ ನಾವು ನಮ್ಮ ಬಂಧುಗಳ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ. ವರ್ಧಂತಿಯ ಸಮಾರಂಭದಲ್ಲಿ ಹದಿನೆಂಟು ತುಂಬದ ಮಗುವಿಗೆ ವಾಹನದ ಚಾವಿ ಕೊಡುವುದನ್ನು ಕಂಡರೆ ಯಾರೂ ಚಪ್ಪಾಳೆ ತಟ್ಟಬಾರದು. ಎದ್ದು ಹೋಗುವ ಧೈರ್ಯವಿಲ್ಲದವರು ಕೈಕಟ್ಟಿಯಾದರೂ ಕೂರಲಿ. ಹದಿನೆಂಟರ ವರ್ಧಂತಿಗೆ ಉಡುಗೊರೆ ಕೊಡುವವರು ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟನ್ನೂ ಡ್ರೈವಿಂಗ್ ಸ್ಕೂಲಿನ ಶುಲ್ಕವನ್ನೂ ಕೊಡಲಿ, ಮಗನಿಗೂ ಮಗಳಿಗೂ ಸಮವಾಗಿ. ಸಂಘ ವರ್ಷಕ್ಕೊಮ್ಮೆ ರಸ್ತೆಯ ನಿಯಮಗಳನ್ನು ಬಲ್ಲವರನ್ನೂ, ಒಬ್ಬ ಹಳೆಯ ಲಾರಿ ಚಾಲಕರನ್ನೂ ಕರೆಸಿ ಮಕ್ಕಳೊಡನೆ ಮಾತಾಡಿಸಲಿ. ಬಸ್ಸಿನ ಮನವಿಗೆ ಸಹಿ ಹಾಕಲು ನಾವಂತೂ ಸಿದ್ಧ. ಕೊನೆಯದಾಗಿ, ತಂದೆಯರು ತಾವೇ ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಓಡಿಸುವುದನ್ನು ನಿಲ್ಲಿಸಲಿ. ಹಿಂದೆ ಕುಳಿತ ಮಗು ಎಲ್ಲವನ್ನೂ ನೋಡುತ್ತಿರುತ್ತದೆ.

ನಮ್ಮ ಮಗನಿಗೆ ಇದೀಗ ಹದಿನೆಂಟು ತುಂಬಿದೆ. ಆ ಭಾನುವಾರದ ಬಳಿಕ ಅವನು ಸ್ಕೂಟರನ್ನು ಮುಟ್ಟಿರಲಿಲ್ಲ. ಈಗ ಪ್ರಶ್ನೆಗಳನ್ನು ತಾನೇ ಓದಿ, ತಾನೇ ಉತ್ತರಿಸಿ ಕಲಿಕೆಯ ಲೈಸನ್ಸು ಪಡೆದಿದ್ದಾನೆ. ಮೊದಲ ಸಲ ಎರಡು ಅಂಕ ಕಡಿಮೆಯಾಗಿ ತಪ್ಪಿತು, ಎರಡನೆಯ ಸಲ ದಕ್ಕಿತು. ವರ್ಧಂತಿಯಂದು ಮನೆಯಲ್ಲಿ ಪಾಯಸ ಮಾತ್ರ ಮಾಡಿದೆವು. ಊಟವಾದ ಮೇಲೆ ಅವನು ಕೇಳಿದ್ದು ಒಂದೇ: ಆ ಹಮಾಲರ ಊರಿನ ವಿಳಾಸ ನಮ್ಮಲ್ಲಿ ಇದೆಯೇ ಎಂದು. ಇರಲಿಲ್ಲ. ಕಾಲು ಮುರಿದವರ ಕೈಗೆ ಹಣವಿಟ್ಟ ನಾವು ಅವರ ಊರಿನ ವಿಳಾಸ ಕೇಳುವ ಗೋಜಿಗೆ ಹೋಗಿರಲಿಲ್ಲ. ಈಗ ಕಬ್ಬಿಣ ಪೇಟೆಯಲ್ಲಿ ವಿಚಾರಿಸುತ್ತಿದ್ದೇವೆ.

ನಮ್ಮ ಮಾತು ಖಾರವೆನಿಸಿದವರು, ನಾವು ತಪ್ಪೆನ್ನುವವರು ದಯವಿಟ್ಟು ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಅವರ ಮಾತೂ ಬರಲಿ. ಆದರೆ ಬರೆಯುವ ಮೊದಲು ಮನೆಯ ಗೂಟದ ಮೇಲೆ ಚಾವಿ ಇದೆಯೋ, ಮಗನ ಜೇಬಿನಲ್ಲಿದೆಯೋ, ಒಮ್ಮೆ ಎದ್ದು ನೋಡಿ ಬರಲಿ.